ಯಾವ ಕಾಲು ಮುಂದೆ

ಇನ್ನೊಬ್ಬರ ಹೆಲ್ಮೆಟ್ ತಲೆಗೆ ಹಾಕಿಕೊಂಡು ನೋಡಿದ್ದೀರಾ? ಒಳಗಿನ ಸ್ಪಂಜಿನಲ್ಲಿ ಅವರ ಎಣ್ಣೆ, ಬೆವರು, ಅವರ ತಲೆಯ ಅಳತೆ ಎಲ್ಲ ಹಾಗೇ ಕೂತಿರುತ್ತದೆ. ಇವತ್ತು ಬೆಳಿಗ್ಗೆ ಅತ್ತಿಗೆಯನ್ನು ಮೈಸೂರಿನ ರೈಲು ನಿಲ್ದಾಣದಿಂದ ಕರೆತರಲು ಪಕ್ಕದ ಮನೆಯವರ ಹೆಲ್ಮೆಟ್ ಎರವಲು ತಂದೆ. ಹಾಕಿಕೊಂಡ ಕೂಡಲೇ ಆ ವಾಸನೆ ನನ್ನನ್ನು ದೋಹಾದ ಒಂದು ಗ್ಯಾರೇಜಿಗೆ, ಒಂದು ಜೊತೆ ಹಳೆಯ ಬೂಟಿನ ಬಳಿಗೆ ಎಳೆದುಕೊಂಡು ಹೋಯಿತು.

ತೊಂಬತ್ತರ ದಶಕದ ನಡುಭಾಗ. ನನಗೆ ಇಪ್ಪತ್ತು. ಡಿಗ್ರಿ ಮುಗಿದು ಮುಂದೇನೆಂದು ತೋಚದೆ, ಚಳಿಗಾಲ ಕಳೆಯಲು ಅಣ್ಣನ ಮನೆಗೆ ಹೋಗಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಊರಲ್ಲೇ ಉಳಿದಿದ್ದವು; ಅವುಗಳ ಕೊಬ್ಬು ಮಾತ್ರ ನನ್ನ ಜೊತೆ ವಿಮಾನ ಹತ್ತಿತ್ತು. ಅಣ್ಣ ರಾಸ್ ಲಫಾನ್‌ನ ಅನಿಲ ಸ್ಥಾವರದಲ್ಲಿ ಎಂಜಿನಿಯರ್. ಪಾಳಿಗೆ ಹೋದರೆ ಎಷ್ಟೋ ದಿನ ಅಲ್ಲೇ. ದೋಹಾ ಅಲ್ ಜದೀದಾ ಎಂಬ ಬಡಾವಣೆಯ ಹಳೆಯ ಮನೆಯಲ್ಲಿ ನಾನು ಮತ್ತು ಧಾರವಾಡದ ಅತ್ತಿಗೆ. ಅಡುಗೆಮನೆಯಿಂದ ಮಲಗುವ ಕೋಣೆಗೆ ಉದ್ದನೆಯ ಪ್ಯಾಸೇಜು. ಅತ್ತಿಗೆಯ ತಕರಾರು ಇದ್ದದ್ದು ಅದರ ಬಗ್ಗೆ.

"ಹಿಂದ ಯಾರೋ ನಿಂತಂಗ ಆಗ್ತದ. ಉಸಿರ ಬಿಡಂಗಿಲ್ಲ. ಸುಮ್ಮನ ನಿಂತಿರ್ತದ."

"ಉಸಿರೇ ಬಿಡದೇ ಇರೋದು ನಿಂತಿದೆ ಅಂತ ಹೇಗೆ ಗೊತ್ತಾಯ್ತು? ಸಾಕ್ಷಿ ಏನು?" ಎಂದು ನಾನು ಶುರು ಮಾಡುತ್ತಿದ್ದೆ. ಮರಳುಗಾಳಿ, ಫ್ರಿಜ್ಜಿನ ಗುಂಯ್, ಒಂಟಿತನ ಎಂದು ಒಂದೊಂದೇ ಬೆರಳು ಮಡಿಸಿ ವಾದಿಸುತ್ತಿದ್ದೆ.

"ನಿನ್ನ ಲಗ್ನಾ ಮಾಡ್ಕೊಳ್ಳಾಂವ ಹೋದ ಜನ್ಮದಾಗ ಭಾಳ ಪಾಪ ಮಾಡಿರ್ಬೇಕು ನೋಡು" ಎಂದು ಅತ್ತಿಗೆ ನಗುತ್ತಿದ್ದರು.

ಅಣ್ಣ ಮೊದಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, ಇದು ನರದ ತೊಂದರೆ, ಮುಂದಿನ ತಿಂಗಳು ಧಾರವಾಡಕ್ಕೆ ಕಳಿಸುತ್ತೇನೆ, ಅಲ್ಲಿ ಡಾಕ್ಟರಿಗೆ ತೋರಿಸಲಿ ಎಂದ. ಟಿಕೆಟ್ಟಿಗೂ ಹೇಳಿಟ್ಟ. "ತವರಮನಿಗೆ ಹುಚ್ಚಿ ಅನಿಸ್ಕೊಂಡು ಹೋಗಲೇನು?" ಎಂದು ಅತ್ತಿಗೆ ಕೇಳಿದ್ದು ನನ್ನನ್ನು, ಅವನನ್ನಲ್ಲ.

ಅದೇ ಹೊತ್ತಿಗೆ ಅಣ್ಣನ ಜೊತೆ ಕೆಲಸ ಮಾಡುತ್ತಿದ್ದ ನಾರ್ವೆಯವನೊಬ್ಬ ಕತಾರ್ ಬಿಟ್ಟು ಹೊರಟಿದ್ದ. ಅವನ ಗ್ಯಾರೇಜಿನಲ್ಲಿ ಎರಡು ಸ್ನೋಬೋರ್ಡು, ಹಿಮದ ಮೇಲೆ ನಿಂತು ಜಾರುವ ಹಲಗೆಗಳು. ಹಿಮದ ಹೆಸರೇ ಕೇಳದ ದೇಶದಲ್ಲಿ ಯಾಕೆ ಅಂದಿರಾ? ಮರಳ ದಿಬ್ಬಗಳ ಮೇಲೆ ಜಾರುವುದಕ್ಕೆ. ಬೇಕಾದ್ದು ತೆಗೆದುಕೋ ಅಂದ. ನಾನು ಉದ್ದನೆಯ ಕೆಂಪು ಹಲಗೆಯ ಮೇಲೆ ಕೈಯಿಟ್ಟೆ. ಬಣ್ಣ ನೋಡಿ ಸೀರೆ ಆರಿಸುವವರನ್ನು ಆಡಿಕೊಳ್ಳುತ್ತಿದ್ದವಳು ನಾನೇ. ಅವನು ಅದನ್ನು ನನ್ನ ಪಕ್ಕ ನಿಲ್ಲಿಸಿದ. ನನ್ನ ತಲೆಗಿಂತ ಮೇಲೆ. ಕಲಿಯುವವರಿಗೆ ಗದ್ದದವರೆಗೆ ಬಂದರೆ ಸಾಕು ಎಂದು, ಗೀರುಬಿದ್ದ ಗಿಡ್ಡ ಹಲಗೆ ಕೈಗಿತ್ತ. ಬೂಟಿನ ವಿಷಯದಲ್ಲಿ ಇನ್ನೂ ಖಡಕ್ಕು: ಮಂಡಿ ಬಗ್ಗಿಸಿದಾಗ ಹಿಮ್ಮಡಿ ಏಳಬಾರದು. ಒಂದೇ ಒಂದು ಜೊತೆ ಹೊಂದಿತು. ಒಳಗಿನ ಸ್ಪಂಜಿನಲ್ಲಿ ಯಾರದೋ ಕಣಕಾಲಿನ ಕುಳಿ ಇತ್ತು, ನನ್ನ ಕಾಲು ಅದರೊಳಗೆ ಸರಿಯಾಗಿ ಕೂತಿತು.

"ಇದು ಯಾರದು?"

"ಗೊತ್ತಿಲ್ಲ. ನಾನು ಈ ಮನೆಗೆ ಬಂದಾಗಲೇ ಇಲ್ಲಿತ್ತು."

ಇನ್ನು ಹಲಗೆಗೆ ಬೂಟು ಹಿಡಿಯುವ ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಅದಕ್ಕೆ ಯಾವ ಕಾಲು ಮುಂದೆ ಅಂತ ಗೊತ್ತಾಗಬೇಕು. ಹಿಂದಿನಿಂದ ಯಾರಾದರೂ ತಳ್ಳಬೇಕು, ಬೀಳದ ಹಾಗೆ ಯಾವ ಕಾಲು ತಾನಾಗಿ ಮುಂದೆ ಹೋಗುತ್ತದೋ ಅದು. ನಾನು ಅಲ್ಲೇ ಆಕ್ಷೇಪಣೆ ಎತ್ತಿದೆ. ತಳ್ಳುತ್ತಾರೆಂದು ಗೊತ್ತಿದ್ದರೆ ಕಾಲು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ, ಈ ಪರೀಕ್ಷೆ ಅಸಿಂಧು. ಹಾಗಾದರೆ ಗೊತ್ತಿಲ್ಲದಾಗ ತಳ್ಳಿಸಿಕೊಂಡು ಶುಕ್ರವಾರ ಬಾ ಅಂದ. ಆ ಕೆಲಸಕ್ಕೆ ಅತ್ತಿಗೆ ನೇಮಕವಾದರು.

ಅತ್ತಿಗೆ ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಹಲ್ಲುಜ್ಜುವಾಗ ತಳ್ಳಿದರು, ಬಟ್ಟೆ ಹಿಂಡುವಾಗ ತಳ್ಳಿದರು, ಫೋನಿನಲ್ಲಿ ಅಣ್ಣನ ಜೊತೆ ಮಾತಾಡುವಾಗಲೂ ಬಿಡಲಿಲ್ಲ. ಪ್ರತಿ ಸಲವೂ ಎಡಗಾಲು.

ಗುರುವಾರ ಮಧ್ಯಾಹ್ನ ಅನ್ನದ ಪಾತ್ರೆ ಹಿಡಿದು ಪ್ಯಾಸೇಜಿನಲ್ಲಿ ಬರುತ್ತಿದ್ದೆ. ಬೆನ್ನ ನಡುವೆ ಅಂಗೈಯಗಲದ ಒಂದು ತಳ್ಳು. ಜೋರಾಗೇನಿಲ್ಲ, ದಾರಿ ಬಿಡು ಅನ್ನುವ ಹಾಗೆ. ಬಲಗಾಲು ಮುಂದೆ ಹೋಯಿತು.

"ಈ ಸಲ ಬಲ ಬಂತು ಅತ್ತಿಗೆ, ಗೊತ್ತೇ ಆಗಲಿಲ್ಲ ನನಗೆ" ಎಂದು ಹೇಳುತ್ತಲೇ ತಿರುಗಿದೆ. ಯಾರೂ ಇರಲಿಲ್ಲ. ಮುಂಬಾಗಿಲಿನಲ್ಲಿ ಕೀಲಿ ತಿರುಗಿತು. ಅತ್ತಿಗೆ ಕೆಳಗಿನ ಅಂಗಡಿಯಿಂದ ಕೊತ್ತಂಬರಿ ಕಟ್ಟು ಹಿಡಿದು ಒಳಗೆ ಬಂದರು.

"ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಯಾರೂ ಇಲ್ಲ" ಅಂದೆ. ಯೋಚಿಸಿ ನೋಡಿ, ಅದು ನಿಜವೇ.

ಮರುದಿನ ಗ್ಯಾರೇಜಿನಲ್ಲಿ ನಾರ್ವೆಯವನು ಸ್ಕ್ರೂಡ್ರೈವರ್ ಹಿಡಿದು ಕೇಳಿದ, ಎಡವೋ ಬಲವೋ. ಪಾಳಿ ಮುಗಿಸಿ ಬಂದಿದ್ದ ಅಣ್ಣನೂ ಅತ್ತಿಗೆಯೂ ಪಕ್ಕದಲ್ಲಿ ನಿಂತಿದ್ದರು. "ಎಡ ಅನ್ನು. ವಾರವೆಲ್ಲ ಫೋನಲ್ಲಿ ಎಡ ಎಡ ಅಂತಿದ್ದೆಯಲ್ಲ" ಅಂದ ಅಣ್ಣ. ಎಡ ಅಂದಿದ್ದರೆ ಮಾತು ಅಲ್ಲಿಗೇ ಮುಗಿದು ಹಲಗೆ ಸಿಗುತ್ತಿತ್ತು, ಅತ್ತಿಗೆ ಹುಚ್ಚಿ ಅನಿಸಿಕೊಂಡೇ ವಿಮಾನ ಹತ್ತುತ್ತಿದ್ದರು.

"ಬಲ" ಅಂದೆ.

"ಯಾಕೆ?" ಅಣ್ಣ ಕೇಳಿದ.

"ಅತ್ತಿಗೆ ತಳ್ತಾರೆ ಅಂತ ಕಾಲಿಗೆ ಗೊತ್ತಿತ್ತು, ಎಡ ಬಂತು. ಗೊತ್ತಿಲ್ಲದೇ ಇದ್ದಾಗ ಬಲ ಬಂತು. ಆಗ ಮನೇಲಿ ನಾನೊಬ್ಬಳೇ ಇದ್ದೆ."

ಅಣ್ಣ ನನ್ನನ್ನು ಗದರುತ್ತಾನೆ ಅಂದುಕೊಂಡೆ. ಅವನು ಅತ್ತಿಗೆಯ ಕಡೆ ನೋಡದೆ, ತಗ್ಗಿದ ದನಿಯಲ್ಲಿ, "ಬೆನ್ನ ನಡುವೇನಾ?" ಅಂದ.

ಬೆನ್ನೆಂದು ನಾನು ಹೇಳಿರಲಿಲ್ಲ.

"ನಾನು ಆ ಪ್ಯಾಸೇಜಲ್ಲಿ ಗೋಡೆ ಹಿಡ್ಕೊಂಡೇ ನಡೆಯೋದು" ಅಂದ. "ಬಂದ ದಿನದಿಂದ." ಕನ್ನಡ ಬಾರದ ನಾರ್ವೆಯವನು ನಮ್ಮ ಮುಖಗಳನ್ನು ನೋಡಿ, ಬಲವೇ ತಾನೇ ಎಂದು ಇನ್ನೊಮ್ಮೆ ಕೇಳಿ, ಸ್ಕ್ರೂ ತಿರುಗಿಸತೊಡಗಿದ.

ಟಿಕೆಟ್ ರದ್ದಾಯಿತು. ತಿಂಗಳೊಳಗೆ ನಜ್ಮಾ ಬಡಾವಣೆಯಲ್ಲಿ ಬೇರೆ ಮನೆ. ದಿಬ್ಬದ ಮೇಲೆ ಬಲಗಾಲು ಮುಂದಿಟ್ಟು ಮೊದಲ ದಿನವೇ ಬೀಳದೆ ಜಾರಿದೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಎಡಗಾಲಿಟ್ಟು ಹೋಲಿಸಿ ನೋಡಲಿಲ್ಲವಲ್ಲ.

ಆದರೆ ಗ್ಯಾರೇಜಿನಿಂದ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ನಾನು ಪಿಸುಗುಟ್ಟಿದ್ದೆ, "ಅತ್ತಿಗೆ, ಗೆದ್ರಿ."

ಅವರು ನನ್ನ ಕೈ ಹಿಡಿದುಕೊಂಡರು. "ಏನ್ ಗೆದ್ದೆನವಾ. ನೀ ಇಲ್ಲ ಇಲ್ಲ ಅಂತ ವಾದಾ ಮಾಡ್ತಿದ್ದೆಲ್ಲಾ, ಅದನ್ನ ಕೇಳಿ ನಾ ಮಧ್ಯಾಹ್ನ ಒಂದೀಟು ಕಣ್ಣು ಮುಚ್ತಿದ್ದೆ. ಇನ್ನ ಯಾರವಾ ಇಲ್ಲ ಅನ್ನಾವ್ರು?"

ಇವತ್ತು ಊಟವಾದ ಮೇಲೆ ಅತ್ತಿಗೆ ನನ್ನ ಬಾಡಿಗೆಮನೆಯನ್ನೆಲ್ಲ ಒಮ್ಮೆ ಸುತ್ತಿ ಬಂದು, "ಇಲ್ಲೇನೂ ಇಲ್ಲಲ್ಲಾ?" ಎಂದು ಕೇಳಿದರು. ನಾನು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಅಂಥದ್ದು ಜಗತ್ತಿನಲ್ಲೇ ಯಾಕೆ ಇರಲು ಸಾಧ್ಯವಿಲ್ಲ ಎಂದು ಬೆರಳು ಮಡಿಸಿ ಮಡಿಸಿ ವಾದಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಈಗ ಒಳಗೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾರೆ. ನಾನು ಕುರ್ಚಿಯನ್ನು ಎಳೆದುಕೊಂಡು ಬೆನ್ನನ್ನು ಗೋಡೆಗೆ ಒತ್ತಿ ಕೂತು ಇದನ್ನು ಬರೆಯುತ್ತಿದ್ದೇನೆ. ಅವರು ಏಳುವುದರೊಳಗೆ ಕುರ್ಚಿಯನ್ನು ಅದರ ಜಾಗಕ್ಕೆ ಇಟ್ಟುಬಿಡಬೇಕು.