ಮೂರನೆಯ ಅಂಕದ ಕುರ್ಚಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ಖಾನಾಪುರದ ಹಂಚಿನ ಕಾರ್ಖಾನೆಯೊಂದರಲ್ಲಿ ಭಟ್ಟಿಯೊಳಗೆ ಹಸಿ ಹಂಚು ಜೋಡಿಸುತ್ತಿದ್ದೆ. ಆಗಲೇ ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಆ ನನಗೆ ಅಮೆರಿಕದ ಹುಚ್ಚು ಹಿಡಿಸಿದವರು ಬೆಳಗಾವಿಯ ಒಬ್ಬ ಕಾಲೇಜು ಮಾಸ್ತರರು. ಕೆಲಸಗಾರರಿಂದಲೇ ನಾಟಕ ಆಡಿಸಬೇಕೆಂದು ಅವರು ಆ ದೇಶದ ನಾಟಕವೊಂದನ್ನು ನಮ್ಮ ಮಾತಿಗೆ ಇಳಿಸಿಕೊಂಡು ಬಂದಿದ್ದರು. ಇಟ್ಟಿಗೆ ಹೊರುವವನೊಬ್ಬ ದುಡಿದು ದುಡಿದು ಕೊನೆಗೆ ಆ ಇಟ್ಟಿಗೆ ಕಾರ್ಖಾನೆಗೇ ಮಾಲೀಕನಾಗುವ ಕತೆ. ನಾಯಕ ನಾನು.

ಬೆಳಗಾವಿಯ ರವಿವಾರ ಪೇಟೆಯ ಅಂಗಡಿಯೊಂದರ ಮಹಡಿಯಲ್ಲಿ ತಾಲೀಮು. ಪಾಳಿ ಮುಗಿಸಿ, ಕಿವಿಯೊಳಗಿನ ಕೆಂಪು ಧೂಳನ್ನೂ ತೊಳೆಯದೆ ಬಸ್ಸು ಹತ್ತುತ್ತಿದ್ದೆ. ಮೂರನೆಯ ಅಂಕದಲ್ಲಿ ನಾನು ಮಾಲೀಕನ ಕುರ್ಚಿಯಲ್ಲಿ ಕೂತಿರುತ್ತೇನೆ. ಹಳೆಯ ಮಾಲೀಕ ದಿವಾಳಿಯಾಗಿ ನನ್ನ ಹತ್ತಿರ ಕೆಲಸ ಕೇಳಲು ಬರುತ್ತಾನೆ. ನಾನು ಏಳಬಾರದು. ಇಷ್ಟು ಕಲಿಯಲು ನನಗೆ ಒಂದು ತಿಂಗಳು ಹಿಡಿಯಿತು. ಯಾವಾಗಲೂ ಕುರ್ಚಿಯ ತುದಿಯಲ್ಲೇ ಕೂರುತ್ತಿದ್ದೆ.

“ಬೆನ್ನ ಹಚ್ಚಿ ಕುಂದರ್ರಿ,” ಎನ್ನುತ್ತಿದ್ದರು ಮಾಸ್ತರರು. “ಯಾರ ಬಂದ್ರೂ ಏಳಬ್ಯಾಡ್ರಿ. ದುಡದಂವಗ ಕುರ್ಚಿ ಸಿಕ್ಕ ಸಿಗತೈತಿ. ಅದ ಅಮೆರಿಕಾ.”

ನಂಬಿದೆ. ನಾಟಕದ ಮಾತು ನಾಟಕಕ್ಕೆ ಎಂದು ಬಿಡದೆ ನಂಬಿದೆನಲ್ಲ, ನನ್ನಂಥ ಮೂರ್ಖ ಯಾರು? ನಮ್ಮ ಸೂಪರ್‌ವೈಸರು ನಿವೃತ್ತರಾಗುವವರಿದ್ದರು. ಆ ಜಾಗ ನನಗೆ ಕೊಡಿ ಎಂದು ನಾಟಕದ ಮರುದಿನವೇ ಮಾಲೀಕರನ್ನು ಕೇಳುವುದಾಗಿ ಹೆಂಡತಿಗೆ ಹೇಳಿದೆ. ಆಕಾಶಕ್ಕೆ ಏಣಿ ಹಾಕುವುದು ಅಂದರೆ ಇದೇ. ಭಟ್ಟಿಯ ಗೆಳೆಯರು “ಏನ್ರೀ ಮಾಲಕರ, ಚಾ ಕುಡಸ್ತೀರೇನ್ರಿ?” ಎಂದು ಕಾಡುತ್ತಿದ್ದರು. ನನಗೆ ಹಿತವಾಗುತ್ತಿತ್ತು.

ಒಂದು ರವಿವಾರ ಸಂಜೆ ಕಾರ್ಖಾನೆಯ ಅಂಗಳದಲ್ಲೇ ಪ್ರಯೋಗ. ಮುಂದಿನ ಸಾಲಿನಲ್ಲಿ ನಮ್ಮ ಮಾಲೀಕರು; ಹಿಂದೆ ನೆಲದ ಮೇಲೆ ನಮ್ಮ ಮನೆಮಂದಿ. ಮೂರನೆಯ ಅಂಕದಲ್ಲಿ ಬಾಡಿಗೆ ಕೋಟು ತೊಟ್ಟು, ಬೆನ್ನು ಒರಗಿಸಿ, ಕಾಲ ಮೇಲೆ ಕಾಲು ಹಾಕಿ ಕೂತೆ. ಹಳೆಯ ಮಾಲೀಕನ ಪಾತ್ರದವನು ಬಂದು ಕೈಮುಗಿದ. ನಾನು ಏಳಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ನಮ್ಮ ಕಡೆ ಪಾತ್ರ ಮನಸ್ಸಿಗೆ ಹಿಡಿಸಿದರೆ ಆಟದ ನಡುವೆಯೇ ರಂಗ ಹತ್ತಿ ಉಡುಗೊರೆ ಕೊಟ್ಟು ಆಹೇರಿ ಮಾಡುವುದು ರೂಢಿ. ನಮ್ಮ ಮಾಲೀಕರಿಗೆ ಹಿಡಿಸಿತು. ಟವೆಲ್ಲು, ತೆಂಗಿನಕಾಯಿ ಹಿಡಿದು ಮೆಟ್ಟಿಲು ಹತ್ತಿ ಬಂದರು.

ನಾನು ಎದ್ದೆ. ಏಳಬೇಕೆಂದು ಎದ್ದದ್ದಲ್ಲ. ಅವರ ಚಪ್ಪಲಿ ಕಣ್ಣಿಗೆ ಬಿದ್ದದ್ದೇ ತಡ, ಕುರ್ಚಿಯ ಪಕ್ಕ ಕೈಕಟ್ಟಿ, ತಲೆ ತಗ್ಗಿಸಿ ನಿಂತುಬಿಟ್ಟಿದ್ದೆ.

ಅವರು ಕೆಟ್ಟವರಲ್ಲ. ಹೆಗಲಿಗೆ ಟವೆಲ್ಲು ಹಾಕಿ, ಬೆನ್ನು ತಟ್ಟಿ, “ಕುಂದ್ರೋ, ಇದು ನಾಟಕ ಐತಿ,” ಎಂದರು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಅವರು ಇಳಿದು ತಮ್ಮ ಜಾಗಕ್ಕೆ ಹೋದ ಮೇಲೂ ನನಗೆ ಕೂರಲಾಗಲಿಲ್ಲ. ಉಳಿದ ಮಾತುಗಳನ್ನೆಲ್ಲ ನಿಂತೇ ಆಡಿ ಮುಗಿಸಿದೆ. ಪರದೆಯ ಮರೆಯಲ್ಲಿ ಮಾಸ್ತರರು ಹಣೆಗೆ ಕೈ ಹಚ್ಚಿಕೊಂಡಿದ್ದರು. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಒಂದು ತಿಂಗಳು ಕೂರುವುದನ್ನು ಕಲಿಸಿದರು, ಹದಿನಾಲ್ಕು ವರ್ಷ ನಿಂತವನು ನಿಲ್ಲುವುದನ್ನು ಹೇಗೆ ಮರೆಯಬೇಕೆಂದು ಹೇಳಿಕೊಡಲಿಲ್ಲ.

ಮರುದಿನ ಆಫೀಸಿನ ಬಾಗಿಲವರೆಗೆ ಹೋದೆ. ಒಳಗೆ ಮಾಲೀಕರು ಕೆಮ್ಮಿದ್ದು ಕೇಳಿಸಿತು. ತಿರುಗಿ ಭಟ್ಟಿಗೆ ಬಂದೆ. ಆ ಜಾಗಕ್ಕೆ ಮುಂದೆ ಬೇರೆ ಯಾರೋ ಬಂದರು. ನಾನು ಕಡೆಯವರೆಗೂ ಹಂಚನ್ನೇ ಜೋಡಿಸಿದೆ.

ಆಫೀಸಿನ ಬಾಗಿಲಿಂದ ತಿರುಗಿ ಬಂದ ದಿನ ಸಂಜೆ ಹೆಂಡತಿಗೆ ಹೇಳಿದೆ: “ಕೇಳಾಕ ಆಗಲಿಲ್ಲ. ನಾಟಕದಾಗ ಸುದ್ದಾ ಅವರ ಮುಂದ ಕುಂದರಾಕ ಆಗಲಿಲ್ಲ ನನಗ. ನಿನಗೂ ನಾಚಿಕಿ ಆಗಿರಬೇಕು.”

ರೊಟ್ಟಿ ಬಡಿಯುತ್ತಿದ್ದ ಆಕೆ ಕೈ ನಿಲ್ಲಿಸಲಿಲ್ಲ.

“ನಾಚಿಕಿ ಯಾಕ್ರೀ? ಮಾಲಕರು ಆಹೇರಿ ಮಾಡಾಕ ಎದ್ದಕೂಡ್ಲೆ ನಾನೂ ಎದ್ದ ನಿಂತಿದ್ನಿ. ಕುಂತಿದ್ದ ಹುಡುಗೂರನ್ನೂ ಎಬ್ಬಿಸಿದ್ನಿ.”