ನಡುಗಡ್ಡೆ ಗುಡಿಸಿದ ಅತ್ತೆ

ಹರಿಗೋಲು ಹತ್ತಿ ವಾಪಸು ಹೊರಡಬೇಕೆನ್ನುವಾಗ ಅತ್ತೆ ಕಾಣಲಿಲ್ಲ. ಮಾಸೂರಿನ ಮದಗದ ಕೆರೆಯ ಆ ನಡುಗಡ್ಡೆ ಎರಡು ಹೊಲದಷ್ಟೂ ದೊಡ್ಡದಲ್ಲ, ಸುತ್ತಲೂ ನೀರು. ಗಾಳಿ ಏಳುತ್ತಿತ್ತು. "ಲಗೂ ಬರ್ರಿ" ಎಂದು ಅಂಬಿಗ ಅವಸರ ಮಾಡುತ್ತಿದ್ದ. ಮೈದುನನ ಮುಖ ಬಿಳಿಚಿತ್ತು. ಮುಂಬಯಿಯ ಹಡಗೊಂದರಲ್ಲಿ ಅಡುಗೆಗಿದ್ದ ಅವನು, ಸಾಹೇಬರು ದ್ವೀಪಗಳಲ್ಲಿ ರಜೆ ಕಳೆಯುವುದನ್ನು ಕಂಡು ಬಂದು, ತಾಯಿಗೂ ಆ ಸುಖ ಕಾಣಿಸಬೇಕೆಂದು ಹರಿಗೋಲನ್ನು ಇಡೀ ದಿನಕ್ಕೆ ಗೊತ್ತು ಮಾಡಿದ್ದ. ಅರವತ್ತರ ದಶಕದ ಮಾತು. ನಾನಾಗ ಹೊಸ ಸೊಸೆ.

ಬೆಳಗಿನಿಂದಲೂ ಅತ್ತೆಗೆ ಸಮಾಧಾನವಿರಲಿಲ್ಲ. ಹರಿಗೋಲಿನಲ್ಲಿ ಕುಳಿತಷ್ಟು ಹೊತ್ತೂ ಬುತ್ತಿಯ ಗಂಟನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ನೀರಿಗೆ ಅಂಜಿದ್ದಾರೆ ಎಂದುಕೊಂಡಿದ್ದೆ.

ಪೊದೆಯ ಹಿಂದೆ ಪರಕ್ ಪರಕ್ ಸದ್ದು ಕೇಳಿ ಓಡಿದೆ. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಡ್ಡಿ ಕಟ್ಟಿ ಮಾಡಿದ ಕಸಬರಿಗೆಯಿಂದ, ಯಾರೂ ವಾಸವಿಲ್ಲದ ಆ ನೆಲವನ್ನು ಗುಡಿಸುತ್ತಿದ್ದರು. ಅರ್ಧ ನಡುಗಡ್ಡೆ ಹಸನಾಗಿತ್ತು.

"ಇಲ್ಲಿ ಯಾರ ಬರ್ತಾರಂತ ಕಸಾ ಹೊಡ್ಯಾಕತ್ತೀರಿ? ಒಂದಿನಾ ಸುಮ್ನ ಕುಂದ್ರಬಾರ್ದೇನ್ರಿ?" ಎಂದು ಸಿಟ್ಟಿನಿಂದಲೇ ಕೇಳಿದೆ.

ಅವರು ತಲೆ ಎತ್ತಲಿಲ್ಲ. "ನಿನಗ ಈಸಾಕ ಬರೂದಿಲ್ಲ ನೋಡವಾ, ಹಂಗ ನನಗ ಸುಮ್ನ ಕುಂದ್ರಾಕ ಬರೂದಿಲ್ಲ. ಯಾರೂ ಕಲಿಸಿಲ್ಲ."

ಈಗ ನನಗೆ ಅಂದಿನ ಅವರಿಗಿಂತ ಹೆಚ್ಚು ವಯಸ್ಸು. "ಸುಮ್ನ ಕುಂದ್ರಬೇ" ಎಂದು ಮಗಳು ಗದರಿದರೆ ಕುಳಿತುಕೊಳ್ಳುತ್ತೇನೆ. ಕುಳಿತು, ಸೆರಗಿನ ಅಂಚನ್ನು ಮಡಚುತ್ತೇನೆ, ಬಿಚ್ಚುತ್ತೇನೆ, ಮತ್ತೆ ಮಡಚುತ್ತೇನೆ.