ತಿಕೋಟಾದ ಪಾಸ್ಟರ್ ಕೇಳಿದ ಕ್ಷಮೆ

ಅವರ ಬಿಳಿ ಅಂಗಿಯ ಎಡಗಡೆ ಕಿಸೆಯ ಮೇಲೆ ಅಂಗೈಯಗಲದ ಎಣ್ಣೆಕಲೆ ಯಾವಾಗಲೂ ಇರುತ್ತಿತ್ತು. ಪ್ರಾರ್ಥನೆ ಮಾಡಿ ರೋಗಿಗಳ ಹಣೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಪುಟ್ಟ ಬಾಟಲಿ ಅಲ್ಲೇ ವಾಸ. ಅದರ ಮುಚ್ಚಳ ಸಡಿಲು. ಬೇರೆ ಬಾಟಲಿ ತಗೊಳ್ಳಿ ಎಂದರೆ ನಕ್ಕುಬಿಡುತ್ತಿದ್ದರು.

ಭಾನುವಾರ ಬೆಳಿಗ್ಗೆ ತಿಕೋಟಾದಲ್ಲಿ, ಸಂಜೆ ಬಬಲೇಶ್ವರದಲ್ಲಿ ಪ್ರಾರ್ಥನಾ ಸಭೆ ನಡೆಸುವ ಪಾಸ್ಟರ್ ಅವರು. ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತಳಾದವಳು. ಜವಾಬ್ದಾರಿ ಹೊತ್ತು ದಣಿದವರನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಕೋಚಿಂಗ್ ಮಾಡುತ್ತೇನೆ. ವಿಜಯಪುರದಲ್ಲಿ ಕೋಚಿಂಗ್ ಎಂದರೆ ಮಕ್ಕಳನ್ನು ಪ್ರವೇಶ ಪರೀಕ್ಷೆಗೆ ಉರು ಹೊಡೆಸುವುದು. ಹಾಗಾಗಿ ತಮ್ಮ ಹೆಂಡತಿಯ ಒತ್ತಾಯಕ್ಕೆ ಜಲನಗರದ ನಮ್ಮ ಮನೆಗೆ ಬಂದ ಮೊದಲ ದಿನ ಪಾಸ್ಟರ್ ಪೆನ್ನು ಹಿಡಿದೇ ಕುಳಿತರು.

"ನಾ ಏನೂ ಕಲಿಸಂಗಿಲ್ಲ. ಬರೇ ಪ್ರಶ್ನಾ ಕೇಳತೀನಿ, ನೀವು ಹೇಳ್ರಿ" ಎಂದೆ.

"ಸಭಾ ಹ್ಯಾಂಗ ಬೆಳಸೂದ್ರಿ ಅಕ್ಕಾರ?" ಎಂದು ಶುರು ಮಾಡಿದರು. ಚಹಾ ಮುಟ್ಟಲಿಲ್ಲ. ಕಣ್ಣು ಹಳದಿಯಾಗಿದ್ದವು. ನಾನು ಸಭೆಯನ್ನು ಬಿಟ್ಟು ಕಣ್ಣಿನ ಬಗ್ಗೆ ಕೇಳಿದೆ.

"ಭಾಳ ದಿನಾತ್ರಿ. ಹೊಟ್ಯಾಗ ಸಂಕಟ, ಊಟ ಸೇರವಲ್ದು."

"ಡಾಕ್ಟರಿಗೆ ತೋರಿಸೀರೇನು?"

"ನಾ ದವಾಖಾನ್ಯಾಗ ಪಾಳಿ ಹಚ್ಚಿ ಕುಂತದ್ದು ನಮ್ಮ ಮಂದಿ ನೋಡಿದ್ರ? ಪ್ರಾರ್ಥನಾ ಮಾಡಾಂವಗ ವಿಶ್ವಾಸ ಇಲ್ಲ ಅಂತಾರಲ್ರಿ."

ಅರಕೇರಿಯ ಬಸುರಿಯೊಬ್ಬಳ ಹಣೆಗೆ ಎಣ್ಣೆ ಹಚ್ಚಿ, ತಾವೇ ಆಟೊ ತರಿಸಿ ಆಸ್ಪತ್ರೆಗೆ ಕಳಿಸಿದರೆಂದು ಅವರ ಹೆಂಡತಿ ಹೇಳಿದ್ದ ಮನುಷ್ಯ ಇವರೇ! ನನಗೆ ಸಿಟ್ಟು ನೆತ್ತಿಗೇರಿತು. ಕೋಚಿಂಗಿನ ನಿಯಮವನ್ನು ಗಾಳಿಗೆ ತೂರಿ ಬಾಯಿಗೆ ಬಂದಂತೆ ಬೈದೆ. ಎಲ್ಲ ಕೇಳಿಸಿಕೊಂಡು, "ಬರೇ ಪ್ರಶ್ನಾ ಕೇಳತೀನಿ ಅಂದಿದ್ರಿ ಅಕ್ಕಾರ" ಎಂದು ನಕ್ಕರು. ಮರುದಿನ ಆಸ್ಪತ್ರೆಗೆ ಹೋದರು. ಪಿತ್ತಕೋಶದ ಕ್ಯಾನ್ಸರ್, ಆಗಲೇ ಹಬ್ಬಿತ್ತು. ಇನ್ನಷ್ಟು ಮೊದಲೇ ತೋರಿಸಿಕೊಳ್ಳಲಿಲ್ಲವೆಂದು ಇಂದಿಗೂ ನನಗೆ ಅವರ ಮೇಲೆ ಕೋಪವಿದೆ.

ಆಮೇಲೆ ಸಿಕ್ಕಾಗಲೆಲ್ಲ ಒಂದೇ ವಿಷಯ: ಸಭೆಗೆ ಹೇಳುವುದೋ ಬೇಡವೋ. ಕಾಯಿಲೆ ವಾಸಿಯಾದರೆ ದೇವರ ಕೃಪೆ, ಆಗದಿದ್ದರೆ ಆ ಮನೆಯವರ ವಿಶ್ವಾಸ ಸಾಲದು ಎಂದು ಅವರ ಜನ ಆಡಿಕೊಳ್ಳುತ್ತಿದ್ದರು. ನೀವು ಹೇಳದೇ ಹೋದರೆ ಯಾರಿಗೆ ನೋವು ಎಂದು ಒಂದು ದಿನ ಕೇಳಿದೆ. "ಒಬ್ಬಾಕಿ ಅದಾಳ್ರಿ" ಎಂದರು.

ಆ ಭಾನುವಾರ ತಿಕೋಟಾಕ್ಕೆ ನನ್ನನ್ನೂ ಕರೆದರು. ತಗಡಿನ ಶೆಡ್ಡು, ಜಮಖಾನದ ಮೇಲೆ ಜನ. ಕಾಯಿಲೆಯ ಸುದ್ದಿಯನ್ನು ಎರಡೇ ಮಾತಿನಲ್ಲಿ ಮುಗಿಸಿದರು. ಬಳಿಕ ಮುಂದಿನ ಸಾಲಿನಲ್ಲಿದ್ದ, ಮಗನನ್ನು ಜ್ವರಕ್ಕೆ ಕಳೆದುಕೊಂಡಿದ್ದ ತಾಯಿಯೊಬ್ಬಳ ಕಡೆಗೆ ತಿರುಗಿದರು.

"ಯವ್ವಾ, ನಿನ್ನ ಮಗ ಹ್ವಾದಾಗ ನಿನ್ನ ವಿಶ್ವಾಸ ಸಾಲಲಿಲ್ಲ ಅಂತ ಮಂದಿ ಅಂದ್ರು. ನಾ ಕೇಳಿ ಸುಮ್ಮನಿದ್ದೆ. ಅದು ಸುಳ್ಳವ್ವಾ. ನನ್ನ ಕ್ಷಮಿಸು."

ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆ ದಿನ ಯಾರೂ ಹಾಡಲಿಲ್ಲ.

ಸಂಜೆ ಬಬಲೇಶ್ವರದಲ್ಲೂ ಹೇಳಿದರು. ಮುಂದಿನ ವಾರ ಅಲ್ಲಿ ಅರ್ಧಕ್ಕರ್ಧ ಜನ ಬರಲಿಲ್ಲ. "ಇಷ್ಟ ವರ್ಷ ನಾ ಇವರಿಗೆ ಏನ್ ಕಲಿಸೀನ್ರಿ ಅಕ್ಕಾರ?" ಎಂದು ನನ್ನ ಮುಂದೆ ಕುಸಿದರು. ಅವರ ಕೈ ಹಿಡಿದುಕೊಂಡು ಕುಳಿತೆ.

ಮಳೆಗಾಲ ಮುಗಿಯುವ ಮೊದಲೇ ಹೋದರು. ಮಣ್ಣು ಕೊಡುವಾಗ ನನ್ನ ಹಿಂದೆ ಯಾರೋ ಹೆಂಗಸು, "ಕಡೀಕ ಪಾಸ್ಟರ್ ವಿಶ್ವಾಸಾನೂ ಸಾಲಲಿಲ್ಲ ನೋಡು" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ತಾಯಿ ಅವಳೆದುರು ಹೋಗಿ ನಿಂತಿದ್ದಳು.

"ನನ್ನ ಮಗ ಹ್ವಾದಾಗ ಅಂದಿ, ತಲಿ ತಗ್ಗಿಸಿ ಕೇಳಿದೆ. ಇವರಿಗೆ ಅಂದ್ರ ಕೇಳಾಂಗಿಲ್ಲ" ಎಂದು ಅವಳ ರಟ್ಟೆ ಹಿಡಿದು ಗುಂಡಿಯ ಅಂಚಿಗೆ ಎಳೆತಂದಳು. "ಬಾ, ಮಣ್ಣ ಹಾಕು. ಹಾಕಿ ಅಳು."